ಸುಣ್ಣದ ಗೆರೆಯ ಮಂಚ

ಹೆಣ್ಣಿನ ಕಡೆಯವರು ನನ್ನ ಕೋಣೆಯ ಹೊಸ್ತಿಲು ದಾಟುವುದಕ್ಕೂ ದೀಪದ ಬುಟ್ಟಿಯಿಂದ ಬಂಗಡೆಯ ವಾಸನೆ ಏಳುವುದಕ್ಕೂ ಸರಿಹೋಯಿತು. ಮರವಂತೆಯಲ್ಲಿ ಅಗ್ಗಕ್ಕೆ ಸಿಕ್ಕಿದ ಹಳೆಯ ಮೀನಿನ ಬುಟ್ಟಿ ಅದು. ತೊಳೆದು, ಬಿಸಿಲಿಗಿಟ್ಟು, ಕವುಚಿ ಹಾಕಿ ಒಳಗೊಂದು ಹಳದಿ ಬಲ್ಬು ಇಳಿಬಿಟ್ಟಿದ್ದೆ. ಬಲ್ಬು ಬಿಸಿಯಾದರೆ ಬುಟ್ಟಿಗೆ ತನ್ನ ಹಿಂದಿನ ಕಸುಬು ನೆನಪಾಗುತ್ತದೆಂದು ನನಗೆ ಹೊಳೆದಿರಲಿಲ್ಲ. ಸಾಲಿಗ್ರಾಮದ ನಮ್ಮ ಮನೆಯಲ್ಲಿ ಅಮ್ಮ ನೀರುಳ್ಳಿಯನ್ನೇ ಅನುಮಾನದಿಂದ ನೋಡುವವಳು. ಸೆರಗನ್ನು ಮೂಗಿಗೊತ್ತಿಕೊಂಡು ಕಾಫಿ ಮಾಡುವ ನೆಪದಲ್ಲಿ ಹೊರಟುಹೋದಳು.

ಊರವರ ಮದುವೆಗೆಲ್ಲ ಫ್ಲೆಕ್ಸ್ ಮಾಡಿಕೊಡುತ್ತಲೇ ಮೂವತ್ತಾರು ದಾಟಿಸಿದವನು ನಾನು, ಸುಜಯ್. ಬ್ರಹ್ಮಾವರದ ಶ್ರಾವ್ಯ ನನ್ನನ್ನು ಒಪ್ಪಿದ್ದೇ ಒಂದು ಪವಾಡ. ಇನ್ನು ಅವಳ ಅಪ್ಪ ಶಾಮರಾಯರು ಮನೆ ನೋಡಿ ಹೂಂ ಅನ್ನುವುದೊಂದು ಬಾಕಿ. ಅದಕ್ಕೇ ಫೋನಿನಲ್ಲಿ ವಿಡಿಯೋ ನೋಡಿ ನೋಡಿ, ಮಲಗುವ ಕೋಣೆಗೆ ಹಳೆಯ ಕಾಲದ ಬೆಚ್ಚಗಿನ ಕಳೆ ತರಲು ಹೊರಟಿದ್ದೆ, ಅದೂ ಕಡಿಮೆ ಖರ್ಚಿನಲ್ಲಿ. ಗೋಡೆಗೆ ಇಟ್ಟಿಗೆ ಬಣ್ಣ, ಕಿಟಕಿಗೆ ಅಮ್ಮನ ಹಳೆ ಸೀರೆ, ಮೂಲೆಯಲ್ಲೊಂದು ಹಾಡದ ರೇಡಿಯೊ. ನಡುವೆ, ಕುಂದಾಪುರದ ಗುಜರಿಯಲ್ಲಿ ಸಿಕ್ಕಿದ ಹಲಸಿನ ಮರದ ಮಂಚ.

ಶಾಮರಾಯರು ಸುತ್ತ ಕಣ್ಣಾಡಿಸಿದರು. "ಎಂತ ಮರಾಯಾ, ಹೊಸತ್ ಎಂತದೂ ತಕಂಬುಕೆ ಆಯ್ಲ್ಯಾ?"

"ಇದ್ ಈಗಿನ ಫ್ಯಾಷನ್ ಮಾವ. ಹಳತಾಯಿ ಕಾಂಬುಕೆ ಬೇಕಂದೇ ಮಾಡಿದ್ದ್," ಅಂದೆ. ಮಾವ ಅಂದದ್ದು ಸ್ವಲ್ಪ ಅವಸರವಾಯಿತು.

ಅಷ್ಟರಲ್ಲಿ ಶ್ರಾವ್ಯಳ ಅಜ್ಜಿ ಮಂಚದ ತಲೆಯ ಕಡೆಗೆ ಬಗ್ಗಿ, ಹಲಗೆಯ ಮೇಲಿದ್ದ ಬಿಳಿ ಗೆರೆಗಳನ್ನು ಸವರುತ್ತಿದ್ದರು. ನನಗೆ ಹುರುಪು ಬಂತು. ಒಬ್ಬರಾದರೂ ಕಲೆ ಬಲ್ಲವರು ಬಂದಿದ್ದಾರಲ್ಲ!

"ಅದ್ ಆ ಕಾಲದ್ ಬಣ್ಣದ ಕೆಲ್ಸ ಅಜ್ಜಿ. ಅಳಿಸಿ ಹೋಪುಕಾಗ ಅಂದೇಳಿ ಮೇಲಿಂದ ಎರಡ್ ಕೈ ವಾರ್ನಿಶ್ ಹೊಡ್ಸಿದೆ."

"ಬಣ್ಣ ಅಲ್ಲ ಮಾಣಿ, ಸುಣ್ಣ," ಅಂದರು ಅಜ್ಜಿ. "ನಮ್ಮನೆಯೋರ್ ಎಲೆಗೆ ಹಚ್ಚಿ ಬೆರಳಲ್ಲಿ ಉಳಿದದ್ದನ್ನ ಇಲ್ಲೇ ಒರ್ಸುದ್. ಬೈದ್ ಬೈದ್ ನನ್ನ ಬಾಯಿ ಸೋತಿತ್."

ಶಾಮರಾಯರು ಬಗ್ಗಿ ನೋಡಿದವರು ಬಿಸಿ ಮುಟ್ಟಿದವರಂತೆ ಹಿಂದೆ ಸರಿದರು. "ಅಪ್ಪಯ್ಯನ ಮಂಚ! ಹೋದ್ ವರ್ಷ ಹನ್ನೆರಡನೇ ದಿನ ನಾನೇ ಶಯ್ಯಾದಾನ ಕೊಟ್ಟದ್ದಲ್ದಾ ಇದ್!"

ಸತ್ತವರಿಗೆ ಆಚೆಯೂ ಮಲಗಲು ಸುಖವಾಗಲೆಂದು ಹಾಸಿಗೆ ಸಮೇತ ಭಟ್ಟರಿಗೆ ಕೊಟ್ಟ ಮಂಚ. ಅವರ ಮನೆಯಲ್ಲಿ ಜಾಗವಿರಲಿಲ್ಲವೋ ಏನೋ, ಗುಜರಿಗೆ ಹೋಗಿತ್ತು. ಪರಲೋಕಕ್ಕೆ ಹೊರಟಿದ್ದ ಮಂಚವನ್ನು ನಾನು ಕುಂದಾಪುರದಲ್ಲೇ ಇಳಿಸಿಕೊಂಡು, ಚೌಕಾಸಿ ಮಾಡಿ, ಟೆಂಪೋದಲ್ಲಿ ಹೇರಿ, ಮದುಮಗಳಿಗೆಂದು ತಂದು ಹಾಕಿದ್ದೆ.

"ದಾನ ಕೊಟ್ಟ್ ಮಂಚದ ಮೇಲ್ ನನ್ನ ಮಗಳ್ ಮನಿಕಂಬುದಾ? ಬಾ ಶ್ರಾವ್ಯ, ಹೋಪ."

ಇವರು ಈಗ ಹೊರಟರೆ ಮತ್ತೆ ಬರುವವರಲ್ಲ. "ಈಗ್ಲೇ ಹೊರಗ್ ಹಾಕ್ತೆ!" ಎಂದು ಮಂಚದ ಕಾಲು ಹಿಡಿದು ಎಳೆದೆ. ಮಂಚ ಜಗ್ಗಲಿಲ್ಲ. ತಲೆಯೆತ್ತಿ ನೋಡಿದರೆ ಅಜ್ಜಿ ಅದರ ಮೇಲೆ ಕೂತುಬಿಟ್ಟಿದ್ದರು.

"ಅಮ್ಮಾ, ಏಳ್. ಅದ್ರ್ ಮೇಲ್ ಕೂಕಂಬುಕಾಗ," ಅಂದರು ಶಾಮರಾಯರು.

"ನಿನ್ನ ಅಪ್ಪಯ್ಯನೂ ಹಾಂಗೇ ಹೇಳ್ತಿದ್ರ್. ಮಂಚ ಗಂಡ್ಸರಿಗೆ, ಚಾಪೆ ಹೆಂಗ್ಸರಿಗೆ. ದಿನಾ ಒರ್ಸಿದ್ದ್ ನಾನ್, ಮನಿಕಂಡದ್ದ್ ಅವ್ರ್. ಅವ್ರ್ ಹೋದ್ಮೇಲೆ ನೀ ದಾನ ಕೊಟ್ಟೆ. ಅಮ್ಮಾ, ನಿಂಗೆ ಬೇಕಾ ಅಂದೇಳಿ ಒಂದ್ ಮಾತ್ ಕೇಂಡ್ಯಾ?"

ಶಾಮರಾಯರು ಹಾಡದ ರೇಡಿಯೊದ ಕಡೆ ನೋಡಿದರು. ಅಜ್ಜಿ ನನ್ನತ್ತ ತಿರುಗಿದರು. "ಮಾಣಿ, ಇದ್ ಒಬ್ಬ್ರ್ ಮಂಚ. ಮದಿ ಆದ್ಮೇಲ್ ಕೆಳಗ್ ಮನಿಕಂಬುದ್ ಯಾರ್?"

ನಾನು ಮಂಚವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಹೌದು, ಒಬ್ಬರ ಮಂಚ. ಗೋಡೆಯ ಬಣ್ಣಕ್ಕೆ ಸೀರೆ ಹೊಂದುತ್ತದೋ, ಸೀರೆಗೆ ಬುಟ್ಟಿ ಹೊಂದುತ್ತದೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡವನಿಗೆ, ಈ ಕೋಣೆಯಲ್ಲಿ ಇನ್ನೊಬ್ಬಳು ಮಲಗಲಿದ್ದಾಳೆ ಎಂಬುದೇ ಮರೆತುಹೋಗಿತ್ತು.

"ನಾನ್ ಅಜ್ಜಿ," ಅಂದೆ. "ಚಾಪೆ ಇತ್ತ್."

ಬಾಗಿಲಲ್ಲಿ ನಿಂತಿದ್ದ ಶ್ರಾವ್ಯ ಕಿಸಕ್ಕನೆ ನಕ್ಕಳು. "ಅಪ್ಪಯ್ಯಾ, ಕಾಫಿ ಕುಡ್ದ್ ಮಾತಾಡುವ. ಇದನ್ನ ಅಜ್ಜಿ ತಕಂಡ್ ಹೋಗ್ಲಿ. ನಮಗೆ ಅಗಲದ್ದ್ ಒಂದ್ ಮಾಡ್ಸಿರಾಯ್ತ್."

ನಮಗೆ ಅಂದಳು. ನಾನು ಅದೊಂದು ಮಾತನ್ನು ಹಿಡಿದುಕೊಂಡು ಪೆದ್ದನಂತೆ ನಿಂತೆ.

"ಮಾಣಿ, ಆ ಮೀನ್ ಬುಟ್ಟಿ ದೀಪ ಒಂದ್ ಆರ್ಸ್," ಎಂದು ಅಜ್ಜಿ ಕಾಲು ಮೇಲೆತ್ತಿ ಮಲಗಿಯೇಬಿಟ್ಟರು. ಶಾಮರಾಯರು ಬಾಗಿಲ ಬಳಿ ಇನ್ನೂ ಮೆಲ್ಲನೆ ಶಾಸ್ತ್ರ ಹೇಳುತ್ತಲೇ ಇದ್ದರು. ಅಜ್ಜಿ ಕಣ್ಣು ಮುಚ್ಚಿ, ಎರಡೂ ಕೈ ಚಾಚಿ, ಮಂಚದ ಎರಡೂ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಯಾರಾದರೂ ಮತ್ತೆ ದಾನ ಕೊಟ್ಟುಬಿಟ್ಟಾರು ಎಂಬಂತೆ.