ನಿಂತ ಕೈ

"ನೋಡಕ್ಕಷ್ಟೇ ಚೆಂದ ಅಕ್ಕ, ಇದು ನಮ್ಮೂರಲ್ಲಿ ಓಡಲ್ಲ," ಎಂದು ಅರ್ಸೆನಿಯೊ ಫೋನನ್ನು ಮಗುಚಿ ನೋಡಿ ಮಿಗ್ದಾಲಿಯಾಳ ಕಡೆಗೇ ಸರಿಸಿದ.

ಫೋನು ಮಯಾಮಿಯಿಂದ ಬಂದು ಎಂಟು ದಿನವಾಗಿತ್ತು. ಅವಳ ತಮ್ಮ ಒರೆಸ್ತೆಸ್ ಅದನ್ನು ಎರಡು ಅಂಗಿಗಳ ನಡುವೆ ಸುತ್ತಿ, ಕ್ಯೂಬಾಕ್ಕೆ ಹೊರಟವರೊಬ್ಬರ ಕೈಯಲ್ಲಿ ಕಳಿಸಿದ್ದ. ಮಿಗ್ದಾಲಿಯಾ ಕಮಗ್ವೆಯ ತನ್ನ ಓಣಿಯ ಅಷ್ಟೂ ಮನೆಗೆ ಹೋಗಿ ತೋರಿಸಿ ಬಂದಿದ್ದಳು; ಎರಡು ವರ್ಷದಿಂದ ಮಾತು ಬಿಟ್ಟಿದ್ದ ಎದುರುಮನೆಯವಳನ್ನೂ ಬಿಟ್ಟಿರಲಿಲ್ಲ. ಈಗ ನೆಟ್ ಹಾಕಿಸೋಣವೆಂದು ತಂದರೆ, ತನ್ನ ಮನೆಯ ಹೊಸ್ತಿಲಲ್ಲಿ ಮೇಜು ಹಾಕಿಕೊಂಡು ಫೋನು ರಿಪೇರಿ ಮಾಡುವವನೊಬ್ಬ ಅದನ್ನು ಓಡಲ್ಲ ಎನ್ನುತ್ತಿದ್ದ.

"ಏನಾಗಿದೆ ಅದಕ್ಕೆ? ಚಾರ್ಜು ನಿಲ್ಲುತ್ತೆ, ಫೋಟೋ ಬರುತ್ತೆ."

"ಎಲ್ಲಾ ಬರುತ್ತೆ, ಜೋರು ನೆಟ್ ಒಂದು ಬರಲ್ಲ. ನಮ್ಮ ಕಂಪನಿಯವರು ಅದನ್ನ ಬಿಡೋದು ಮೂರನೇ ಬ್ಯಾಂಡಲ್ಲಿ. ಇದು ಅಲ್ಲಿನ ಕಂಪನಿಗೆ ಅಂತ ಮಾಡಿರೋ ಫೋನು, ಇದಕ್ಕೆ ಆ ಬ್ಯಾಂಡೇ ಇಲ್ಲ. ರೇಡಿಯೋದಲ್ಲಿ ಸ್ಟೇಷನ್ನೇ ಇಲ್ಲದ ಮೇಲೆ ಮುಳ್ಳು ತಿರುಗಿಸಿ ಏನು ಬಂತು?"

ಅವನು ಡ್ರಾಯರಿನಿಂದ ಇನ್ನೊಂದು ಫೋನು ತೆಗೆದಿಟ್ಟ. ಅದರ ಮೂಲೆ ಒಡೆದಿತ್ತು. ಬೆನ್ನಿಗೆ ಟೇಪು ಸುತ್ತಿತ್ತು. "ಇದಕ್ಕಿದೆ. ಬೇಕಿದ್ರೆ ಅದು ಕೊಟ್ಟು ಇದು ತಗೊಂಡೋಗು."

"ಆಹಾ, ಟೋಪಿ ಹಾಕಕ್ಕೆ ಬೆಳಗ್ಗೆ ಬೆಳಗ್ಗೆ ನಾನೇ ಸಿಕ್ಕಿದ್ನಾ? ಹೊಸವರ್ಷಕ್ಕೆ ಒರೆಸ್ತೆಸ್ ಬರ್ತಾನೆ. ಕಾಫಿಗೂ ಮುಂಚೆ ಫೋನೆಲ್ಲಿ ಅಂತ ಕೇಳ್ತಾನೆ. ಈ ಟೇಪಿನ ಗಂಟು ತೋರಿಸಿದ್ರೆ, ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ಳು ಅಂತ ಊರೆಲ್ಲಾ ಸಾರ್ತಾನೆ."

ಅರ್ಸೆನಿಯೊ ಪಕ್ಕದ ಸ್ಟೂಲಿನಲ್ಲಿ ಬೀದಿ ನೋಡುತ್ತ ಕೂತಿದ್ದ ಅವಳ ಗಂಡನತ್ತ ಕಣ್ಣು ಹಾಯಿಸಿದ. ಎವೆಲಿಯೊಗೆ ಹುಟ್ಟಿನಿಂದ ಕಿವಿ ಕೇಳದು, ಓದು ಬರಹವೂ ಬಾರದು. ಮಗಳು ಯಾಮಿಲೆಗೂ ಕಿವಿ ಕೇಳದು. ಅವಳು ದೂರದೇಶದ ಮೊಂತೆವಿದೆಯೊ ನಗರದ ಲಾಂಡ್ರಿಯೊಂದರಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ತಾಯಿಗೆ ಬರೆದು ಹೇಳುತ್ತಿದ್ದಳು. ಅಪ್ಪನ ಜೊತೆ ಮಾತೆಂದರೆ ಕೈಸನ್ನೆಯೇ. ಹಳೆಯ ಫೋನಿನಲ್ಲಿ ಆ ಕೈ ಅರ್ಧಕ್ಕೆ ನಿಂತುಬಿಡುತ್ತಿತ್ತು, ಮತ್ತೆ ಅಲ್ಲಾಡುವ ಹೊತ್ತಿಗೆ ನಡುವಿನ ನಾಲ್ಕು ಮಾತು ಹಾರಿಹೋಗಿರುತ್ತಿದ್ದವು. ಮೂರು ತಿಂಗಳಿಂದ ಎವೆಲಿಯೊ ಭಾನುವಾರದ ಕರೆಗೆ ಬಂದು ಕೂರುವುದನ್ನೇ ಬಿಟ್ಟಿದ್ದ. ಅಪ್ಪ ಎಲ್ಲಿ ಎಂದು ಮಗಳು ಕೇಳಿದಾಗಲೆಲ್ಲ ಮಿಗ್ದಾಲಿಯಾ ಮಲಗಿದ್ದಾರೆ ಎಂದು ಬರೆದು ಬರೆದು ಸೋತಿದ್ದಳು. ಒರೆಸ್ತೆಸನನ್ನು ನಾಚಿಕೆ ಬಿಟ್ಟು ಫೋನು ಕೇಳಿದ್ದೂ ಅದಕ್ಕೇ.

"ನನ್ನ ಮಾತು ನಂಬಬೇಡ," ಎಂದ ಅರ್ಸೆನಿಯೊ. "ಸಿಮ್ ಹಾಕಿ ನೋಡು."

ಆ ಹೊಸ್ತಿಲಲ್ಲಿ ಯಾರೂ ತಮ್ಮ ಸಿಮ್ ಹಾಕಿ ನೋಡದೆ ಫೋನು ಕೊಳ್ಳುತ್ತಿರಲಿಲ್ಲ. ಅರ್ಸೆನಿಯೊ ಸೂಜಿಯಿಂದ ಅವಳ ಫೋನಿನ ಸಿಮ್ ಕಿತ್ತು ಟೇಪಿನ ಫೋನಿಗೆ ಹಾಕಿ, ಏನೇನೋ ಒತ್ತಿದ. ಮೂಲೆಯಲ್ಲಿ 4ಜಿ ಎಂದು ಮೂಡಿತು. ಮಿಗ್ದಾಲಿಯಾ ಮಗಳಿಗೆ ವಿಡಿಯೋ ಕರೆ ಹಚ್ಚಿ, ಗಂಡನ ಮೊಣಕೈ ತಿವಿದು ಫೋನಿನ ಮುಂದೆ ಎಳೆದು ಕೂರಿಸಿದಳು.

ಯಾಮಿಲೆ ಬಂದಳು. ತಾರಸಿಯ ಮೇಲೆ ನಿಂತಿದ್ದಳು, ಕೂದಲು ಕ್ಲಿಪ್ಪಿನಲ್ಲಿ ಎತ್ತಿ ಕಟ್ಟಿತ್ತು, ಗಲ್ಲದ ಮಚ್ಚೆ ಕೂಡ ಕಾಣುತ್ತಿತ್ತು. ಅಪ್ಪನನ್ನು ಕಂಡವಳೇ ಕೈ ಎತ್ತಿ ಎದೆಗೆ ತಂದಳು. ಕೈ ಅಲ್ಲೇ ನಿಂತಿತು. ಒಂದು ಎಣಿಸಿದರೂ ಹಾಗೇ, ಐದು ಎಣಿಸಿದರೂ ಹಾಗೇ. ಫೋಟೋಗೆ ನಿಂತವಳಂತೆ ತುಟಿಯೂ ಅಲ್ಲಾಡಲಿಲ್ಲ.

"ನಿಂತೋಯ್ತು ನೋಡು," ಎಂದಳು ಮಿಗ್ದಾಲಿಯಾ. ಸಿಟ್ಟಿನಿಂದ ಫೋನಿಗೆ ಕೈ ಚಾಚಿದಳು. "ಇದಕ್ಕೂ ಅದೇ ರೋಗ. ತೆಗಿ ನನ್ನ ಸಿಮ್ಮು. ಓಡದೇ ಇರೋದಾದ್ರೆ ಚೆಂದ ಇರೋದೇ ಮನೇಲಿರ್ಲಿ."

"ಸಿಗ್ನಲ್ ಗೆರೆ ಪೂರ್ತಿ ಇದೆ ಅಕ್ಕ, ನಿಲ್ಲಬಾರದು..." ಅರ್ಸೆನಿಯೊನ ಕಿವಿ ಕೆಂಪಗಾಗಿತ್ತು.

ಫೋನಿಗೆ ಚಾಚಿದ ಹೆಂಡತಿಯ ಕೈಯನ್ನು ಎವೆಲಿಯೊ ಹಿಡಿದುಕೊಂಡ. ಇನ್ನೊಂದು ಕೈಯ ಬೆರಳನ್ನು ಗಾಜಿನ ಮೇಲಿಟ್ಟ. ತೋರಿಸಿದ್ದು ಮಗಳನ್ನಲ್ಲ, ಅವಳ ಹಿಂದಿನ ಹಗ್ಗವನ್ನು. ಹಗ್ಗದ ಮೇಲೆ ಒಣಹಾಕಿದ್ದ ಹಳದಿ ಟವೆಲ್ಲು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು.

ಮೂವರೂ ಅದನ್ನೇ ನೋಡಿದರು.

"ಮತ್ತೆ ಅವಳ್ಯಾಕೆ ಹಂಗೆ ನಿಂತಿದಾಳೆ?" ಎಂದ ಅರ್ಸೆನಿಯೊ.

ಮಿಗ್ದಾಲಿಯಾ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಅಪ್ಪಂಗೆ ಕಾಣಲಿ ಅಂತ. ನೆಟ್ ನುಂಗಿಬಿಡುತ್ತೆ ಅಂತ ಒಂದೊಂದೇ ಮಾತನ್ನ ಹಿಡ್ಕೊಂಡು ನಿಲ್ಲೋದು ಕಲ್ತಿದಾಳೆ. ನಾವು ನೆಟ್ಟೇ ನಿಂತಿದೆ ಅಂದ್ಕೊಂಡು ಎದ್ದೋಗ್ತಿದ್ವಿ."

ಅವಳು ಮಯಾಮಿಯ ಫೋನನ್ನು ತನ್ನ ಅಂಗಿಯ ತುದಿಯಿಂದ ಒಮ್ಮೆ ಒರೆಸಿ, ಮೇಜಿನ ಮೇಲೆ ಅರ್ಸೆನಿಯೊನ ಬದಿಗೆ ಇಟ್ಟಳು.

"ತಮ್ಮಂಗೆ ಏನಂತೀಯ ಅಕ್ಕ?"

"ಮೊಳ ಹಾಕಿ ನೋಡ್ದೆ, ಒಂದು ಮೊಳ ಕಮ್ಮಿ ಇತ್ತು ಅಂತೀನಿ."

ಎವೆಲಿಯೊ ಕಣ್ಣೊರೆಸಿಕೊಂಡು ಫೋನಿನತ್ತ ಬಾಗಿ, ಕಂಡಿತು ಎಂದು ತಲೆಯಾಡಿಸಿದ. ಆಗ ಯಾಮಿಲೆಯ ಕೈ ಎದೆಯಿಂದ ಎದ್ದು ಎರಡನೆಯ ಮಾತಿಗೆ ಹೋಯಿತು. ಹೋಗಿ, ಅಲ್ಲಿಯೂ ಕಾಯುತ್ತ ನಿಂತಿತು.