ದೀಪ ಹಚ್ಚುವ ಹೊತ್ತು

ಮೋಡ ಸರಿದು ಸೂರ್ಯ ಕಂಡದ್ದೇ ತಡ, ಮಾಲಿನಿ ಸಾರಿನ ಪಾತ್ರೆ ಇಳಿಸಿ ಹಿತ್ತಲಿಗೆ ಓಡಿದಳು. ಕರಿಬೇವಿನ ಗಿಡದ ಪಕ್ಕದ ದೂರದರ್ಶಕಕ್ಕೆ ಕಪ್ಪು ಫಿಲ್ಟರ್ ಹಾಕಿ, ಕ್ಯಾಮೆರಾ ಕೂರಿಸಿ, ಸೂರ್ಯನ ಕಲೆಗಳೂ ಕಾಣುವಂತೆ ಫೋಟೊ ತೆಗೆದಳು. ಬಿಸಿಲಿನಲ್ಲಿ ಕಾವು ಉಳಿದಿರಲಿಲ್ಲ, ಕಾವೆಲ್ಲ ಫೋಟೊಗಳಲ್ಲೇ. ಅಚ್ಚಾದ ಫೋಟೊ ಹಂಚಿನಿಂದ ತೆಗೆದ ರೊಟ್ಟಿಯಂತೆ ಬೆಚ್ಚಗಿತ್ತು. ಅದನ್ನು ಮಗಳು ಹಂಸಳ ಮರಗಟ್ಟಿದ ಬೆರಳುಗಳಿಗೆ ಮೆಲ್ಲಗೆ ಸುತ್ತಿದಳು.

ಹೋದ ವರ್ಷ ಮಗು ಚಳಿಗೆ ನಡುಗುತ್ತಿದ್ದಾಗ, ಮಾಲಿನಿ ಪಕ್ಕದ ಮನೆಯ ತುಂಗಮ್ಮನ ಬಳಿ ಒಂದೇ ಒಂದು ಫೋಟೊ ಬೇಡಿದ್ದಳು. "ದೀಪ ಹಚ್ಚಿದ ಮೇಲೆ ಬಿಸಿಲು ಕೊಡಬಾರದಮ್ಮ, ಮನೆ ಲಕ್ಷ್ಮಿ ಹೊರಟುಹೋಗ್ತಾಳೆ" ಎಂದು ಆಕೆ ಬಾಗಿಲು ಹಾಕಿಕೊಂಡಿದ್ದರು. ಅಂದು ಮರಗಟ್ಟಿದ ಹಂಸಳ ಬೆರಳುಗಳನ್ನು ಮತ್ತೆ ಮಡಚಲು ಆಗಲೇ ಇಲ್ಲ.

ಗೇಟು ಕಿರುಗುಟ್ಟಿತು. ತುಂಗಮ್ಮ ಮಂಡಿ ಹಿಡಿದುಕೊಂಡು ಹಿತ್ತಲಿಗೆ ಬಂದರು.

"ಮಾಲೂ, ನಮ್ಮ ಕ್ಯಾಮೆರಾ ಕೆಟ್ಟೋಗಿದೆ ಕಣೆ. ಮಂಡಿ ಸೆಟ್ಕೊಂಡು ನಿದ್ದೇನೇ ಇಲ್ಲ. ಒಂದು ಫೋಟೊ ಕೊಡ್ತೀಯಾ?"

"ಅದಕ್ಕೇನಂತೆ, ಕೂತ್ಕೊಳ್ಳಿ" ಎಂದು ಮಾಲಿನಿ ದೇವರ ಕೋಣೆಗೆ ಹೋದಳು. ಬೆಂಕಿಕಡ್ಡಿ ಗೀರಿದ ಸದ್ದಾಯಿತು.

"ಅಯ್ಯೋ ತುಂಗಮ್ಮನೋರೇ, ಈಗಷ್ಟೇ ದೀಪ ಹಚ್ಚಿಬಿಟ್ಟೆನಲ್ಲಾ!"

ತುಂಗಮ್ಮ ತಲೆಯೆತ್ತಿದರು. ಮಧ್ಯಾಹ್ನದ ಸೂರ್ಯ ಇನ್ನೂ ನೆತ್ತಿಯ ಮೇಲೇ ಇದ್ದ.