ಕಪ್ಪು ಗಾಜು

"ನಿನ್ನ ಗಂಡನಿಗೆ ಸಕ್ಕರೆ ಕಾಯಿಲೆ ಇತ್ತಮ್ಮ. ಕಣ್ಣು ಹೋದ್ರೆ ನಾನೇನು ಮಾಡ್ಲಿ?" ಎಂದ ವೆಲ್ಡಿಂಗ್ ಶಾಪಿನ ಮಾಲೀಕ.

"ಮುಖಕ್ಕೆ ಅಡ್ಡ ಹಿಡಿಯೋಕೆ ಏನೂ ಕೊಡದೆ ವರ್ಷಗಟ್ಟಲೆ ಆ ಬೆಂಕಿ ನೋಡಿಸಿದ್ರಲ್ಲ, ಕಣ್ಣು ಸುಟ್ಟಿದ್ದು ನೀವು," ಎಂದಳು ಸಾಕಮ್ಮ.

ತನಿಖೆಗೆ ಬಂದಿದ್ದ ಅಧಿಕಾರಿ ಮಾಲೀಕನ ಕಡೆ ತಿರುಗಿದರು.

"ಸುಳ್ಳು ಸಾರ್. ಹೆಲ್ಮೆಟ್ ಕೊಟ್ಟಿದ್ದೆ. ಹೋದ ತಿಂಗಳು ಕೆಲಸ ಬಿಡೋವರೆಗೂ ದಿನಾ ಅದನ್ನ ಹಾಕ್ಕೊಂಡೇ ವೆಲ್ಡಿಂಗ್ ಮಾಡಿದ್ದಾನೆ."

"ಯಾವ ಬಾಯಲ್ಲಿ ಹೇಳ್ತೀರಿ ಸ್ವಾಮಿ ಇದನ್ನ?" ಎಂದಳು ಸಾಕಮ್ಮ.

ಮಾಲೀಕ ಬೀರುವಿನ ಬೀಗ ತೆಗೆದು, ಹೆಲ್ಮೆಟ್ ತಂದು ಮೇಜಿನ ಮೇಲೆ ಕುಕ್ಕಿದ. "ಇದೇ ಸಾರ್, ನೀವೇ ನೋಡಿ."

ಅಧಿಕಾರಿ ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಕಣ್ಣಿನ ನೇರಕ್ಕೆ ಬರುವ ಕಪ್ಪು ಗಾಜಿನ ತುಂಬ, ಹೋದ ವರ್ಷದ ಆಯುಧಪೂಜೆಯ ದಿನ ಮೆತ್ತಿದ ಗಂಧ ಕುಂಕುಮ ಚೂರೂ ಅಳಿಸದೆ ಒಣಗಿ ಕೂತಿತ್ತು.